ಮೋಟರ್‌ಹೋಮ್ ಹಿಂದೆ ಕಾರು: ನೆಲದ ಮೇಲೆ, ಡಾಲಿಯ ಮೇಲೆ, ಟ್ರೇಲರ್ ಮೇಲೆ, ಅಥವಾ ಎಳೆಯದೆಯೇ

ಅಮೆರಿಕದಲ್ಲಿ ಮೋಟರ್‌ಹೋಮ್ ಎಂಬ, ಒಳಗೇ ವಾಸಿಸಬಹುದಾದ ದೊಡ್ಡ ವಾಹನ ಕೊಂಡ ಕುಟುಂಬಗಳಿಗೆ ಮೊದಲ ದೀರ್ಘ ಪ್ರವಾಸದಲ್ಲೇ ಒಂದು ತೊಡಕು ಎದುರಾಗುತ್ತದೆ. ಕ್ಯಾಂಪ್‌ಗ್ರೌಂಡ್‌ನಲ್ಲಿ ವಾಹನವನ್ನು ಮಟ್ಟಸವಾಗಿ ನಿಲ್ಲಿಸಿ, ನೀರಿನ ಪೈಪು, ವಿದ್ಯುತ್ತಿನ ಕೇಬಲ್ಲು, ಕೊಳಚೆಯ ಕೊಳವೆ ಎಲ್ಲವನ್ನೂ ಜೋಡಿಸಿದ ಮೇಲೆ ಹಾಲು ತರಲು ಹೊರಟರೂ ಅಷ್ಟನ್ನೂ ಬಿಚ್ಚಿ ಇಡೀ ಮನೆಯನ್ನೇ ರಸ್ತೆಗಿಳಿಸಬೇಕಾಗುತ್ತದೆ. ಊರಿನಿಂದ ಬೇಸಿಗೆಗೆ ಬಂದ ತಂದೆತಾಯಿಯರನ್ನು ಜೊತೆಗೆ ಕರೆದೊಯ್ದಿದ್ದರೆ, ಅವರಲ್ಲೊಬ್ಬರಿಗೆ ರಾತ್ರಿ ಹೊತ್ತು ವೈದ್ಯರ ಅಗತ್ಯ ಬಿದ್ದರೆ, ಇದು ಬರಿಯ ಕಿರಿಕಿರಿಯಾಗಿ ಉಳಿಯುವುದಿಲ್ಲ.

ರಾಷ್ಟ್ರೀಯ ಉದ್ಯಾನಗಳ ರಸ್ತೆಗಳೂ ಈ ಅಗತ್ಯವನ್ನು ಹೆಚ್ಚಿಸುತ್ತವೆ. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ಅವಲಾಂಚ್ ಕ್ರೀಕ್ ಮತ್ತು ರೈಸಿಂಗ್ ಸನ್ ನಡುವಿನ ಭಾಗಕ್ಕೆ 21 ಅಡಿಗಿಂತ ಉದ್ದವಾದ ಅಥವಾ 8 ಅಡಿಗಿಂತ ಅಗಲವಾದ ವಾಹನಗಳಿಗೆ ಪ್ರವೇಶವಿಲ್ಲ. ಮೋಟರ್‌ಹೋಮ್‌ಗಳಲ್ಲಿ ಬಹುಪಾಲು ಈ ಅಳತೆಗಳಲ್ಲಿ ಒಂದನ್ನಾದರೂ ಮೀರುತ್ತವೆ. ಕ್ಯಾಲಿಫೋರ್ನಿಯಾದ ಸಿಕೋಯಾ ಉದ್ಯಾನದಲ್ಲಿ ಪಾಟ್‌ವಿಶಾದಿಂದ ಜೈಂಟ್ ಫಾರೆಸ್ಟ್‌ಗೆ ಏರುವ ತಿರುವು ರಸ್ತೆಗೆ 22 ಅಡಿಗಿಂತ ಉದ್ದದ ವಾಹನಗಳನ್ನು ತರಬೇಡಿ ಎಂದು ಉದ್ಯಾನದವರೇ ಸಲಹೆ ನೀಡುತ್ತಾರೆ. ಇಂಥ ಕಡೆ ಸಣ್ಣ ಕಾರೊಂದು ಜೊತೆಗಿದ್ದರೆ ಮಾತ್ರ ನೋಡಬೇಕೆಂದು ಬಂದ ಜಾಗವನ್ನು ಸ್ವತಂತ್ರವಾಗಿ ನೋಡಲು ಸಾಧ್ಯ.

ಕಾರನ್ನು ಹಿಂದೆ ಎಳೆದೊಯ್ಯಲು ಮೂರು ದಾರಿಗಳಿವೆ. ನಾಲ್ಕೂ ಚಕ್ರಗಳು ನೆಲದ ಮೇಲೆ ಉರುಳುವಂತೆ ಟೋ ಬಾರ್ ಎಂಬ ಎಳೆಯುವ ಕಂಬಿಗೆ ಕಟ್ಟುವುದು ಮೊದಲನೆಯದು. ಇದಕ್ಕೆ ಫ್ಲ್ಯಾಟ್ ಟೋ ಎನ್ನುತ್ತಾರೆ. ಮುಂದಿನ ಎರಡು ಚಕ್ರಗಳನ್ನು ಟೋ ಡಾಲಿ ಎಂಬ ಪುಟ್ಟ ಗಾಡಿಯ ಮೇಲೇರಿಸುವುದು ಎರಡನೆಯದು. ಇಡೀ ಕಾರನ್ನು ಟ್ರೇಲರ್ ಮೇಲೆ ಹೇರುವುದು ಮೂರನೆಯದು. ಅಂಗಡಿಗೆ ಹೋದರೆ ಮಾತು ಶುರುವಾಗುವುದೇ ಈ ಮೂರರಲ್ಲಿ ಯಾವುದನ್ನು ಕೊಳ್ಳುತ್ತೀರಿ ಎಂಬಲ್ಲಿಂದ. ನನ್ನ ದೃಢವಾದ ಅಭಿಪ್ರಾಯವೆಂದರೆ ಆ ಪ್ರಶ್ನೆ ಕೊನೆಗೆ ಬರಬೇಕು. ಮೋಟರ್‌ಹೋಮ್‌ನ ತೂಕದ ಚೀಟಿ ಮತ್ತು ಕಾರಿನ ಮಾಲೀಕರ ಕೈಪಿಡಿ, ಈ ಎರಡನ್ನು ಓದಿದವರಿಗೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗಿರುತ್ತದೆ. ಓದದೆ ಕೊಂಡವರು ಎರಡೆರಡು ಬಾರಿ ಹಣ ಕಳೆದುಕೊಳ್ಳುತ್ತಾರೆ.

ಮೊದಲು ತೂಕ

ಪ್ರತಿ ಮೋಟರ್‌ಹೋಮ್‌ಗೂ ತಯಾರಕರು ನಿಗದಿಪಡಿಸಿದ ಎರಡು ಮಿತಿಗಳನ್ನು ಬೇರೆಬೇರೆಯಾಗಿ ತಿಳಿದಿರಬೇಕು. ಜನ, ನೀರು, ಇಂಧನ, ಸಾಮಾನು ಎಲ್ಲ ಸೇರಿ ಮೋಟರ್‌ಹೋಮ್ ಒಂದೇ ಎಷ್ಟು ತೂಗಬಹುದು ಎಂಬುದು ಜಿವಿಡಬ್ಲ್ಯುಆರ್. ಮೋಟರ್‌ಹೋಮ್ ಮತ್ತು ಅದು ಎಳೆಯುವುದೆಲ್ಲ ಸೇರಿ ಎಷ್ಟು ತೂಗಬಹುದು ಎಂಬುದು ಜಿಸಿಡಬ್ಲ್ಯುಆರ್. ಎರಡನೆಯ ಅಂಕಿಯಿಂದ ನಿಮ್ಮ ವಾಹನದ ನಿಜವಾದ ತೂಕವನ್ನು ಕಳೆದರೆ ಉಳಿಯುವುದೇ ಎಳೆಯುವ ಸಾಮರ್ಥ್ಯ. ಆದರೆ ಹಿಂಬದಿಯ ಹಿಚ್‌ಗೂ, ಅಂದರೆ ಎಳೆಯುವ ಕೊಂಡಿಗೂ, ತನ್ನದೇ ಮಿತಿಯಿದೆ, ಮತ್ತು ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕಕ್ಕೆ ಬರುತ್ತದೆ.

ವ್ಯಾನಿನ ಮುಂಭಾಗ ಉಳಿಸಿಕೊಂಡು ಕಟ್ಟಿದ ಸಿ ವರ್ಗದ ಮೋಟರ್‌ಹೋಮ್‌ಗಳಲ್ಲಿ ಬಹಳ ಬಳಕೆಯಲ್ಲಿರುವ ಫೋರ್ಡ್ ಇ-450 ಚಾಸಿಯನ್ನು ತೆಗೆದುಕೊಳ್ಳೋಣ. ಅದರ ಜಿವಿಡಬ್ಲ್ಯುಆರ್ 14,500 ಪೌಂಡ್, ಜಿಸಿಡಬ್ಲ್ಯುಆರ್ 22,000 ಪೌಂಡ್. ಸಾಮಾನು ತುಂಬಿದ ವಾಹನ 14,200 ಪೌಂಡ್ ತೂಗಿದರೆ ಲೆಕ್ಕದ ಪ್ರಕಾರ 7,800 ಪೌಂಡ್ ಉಳಿಯುತ್ತದೆ. ಹಿಚ್‌ನ ಮೇಲೆ 5,000 ಪೌಂಡ್ ಎಂದು ಬರೆದಿದ್ದರೆ ಆ 7,800ಕ್ಕೆ ಬೆಲೆಯಿಲ್ಲ. ನಿಮ್ಮ ಮಿತಿ 5,000. ಬಸ್ಸಿನಾಕಾರದ ಎ ವರ್ಗದ ಪೆಟ್ರೋಲ್ ವಾಹನಗಳಿಗೆ ಆಧಾರವಾದ ಫೋರ್ಡ್ ಎಫ್-53 ಚಾಸಿಯಲ್ಲಿ ಇದರ ತದ್ವಿರುದ್ಧ ಸ್ಥಿತಿ ಕಾಣುತ್ತದೆ. ಅದರ ಹಳೆಯ ಮಾದರಿಗಳಲ್ಲಿ 22,000 ಪೌಂಡ್ ಜಿವಿಡಬ್ಲ್ಯುಆರ್ ಮತ್ತು 26,000 ಪೌಂಡ್ ಜಿಸಿಡಬ್ಲ್ಯುಆರ್ ಇರುವ ಜೋಡಿ ಸಾಮಾನ್ಯ. ಅಂಥ ವಾಹನವನ್ನು ಮಿತಿಯವರೆಗೂ ತುಂಬಿದರೆ, ಹಿಚ್ 5,000 ಪೌಂಡ್ ತಾಳಿದರೂ, ಎಳೆಯಬಹುದಾದದ್ದು 4,000 ಪೌಂಡ್ ಮಾತ್ರ. ಡೀಸೆಲ್ ಎಂಜಿನ್ ಹಿಂಬದಿಯಲ್ಲಿರುವ ದೊಡ್ಡ ವಾಹನಗಳಲ್ಲಿ ಹಿಚ್ ಮಿತಿ 10,000 ಪೌಂಡ್ ಇರುವುದು ಅಪರೂಪವಲ್ಲವಾದ್ದರಿಂದ ಅವುಗಳ ಮಾಲೀಕರಿಗೆ ಈ ಚಿಂತೆ ಕಡಿಮೆ.

ವಾಹನದ ನಿಜವಾದ ತೂಕವನ್ನು ಕರಪತ್ರದಿಂದ ತಿಳಿಯಲಾಗದು. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್ ತೂಗುತ್ತದೆ. 50 ಗ್ಯಾಲನ್ ಟ್ಯಾಂಕ್ ತುಂಬಿದರೆ 415 ಪೌಂಡ್ ಸೇರಿತು. ಅಕ್ಕಿ, ಬೇಳೆ, ಕುಕ್ಕರು, ಸೈಕಲ್ಲು, ಆರು ಜನ, ಅವರ ಪೆಟ್ಟಿಗೆಗಳು ಎಲ್ಲವೂ ಇದರ ಮೇಲೆ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಗಳಿವೆ. ಪ್ರವಾಸಕ್ಕೆ ಹೊರಡುವ ಸ್ಥಿತಿಯಲ್ಲೇ, ಜನರೂ ಒಳಗಿದ್ದಾಗ, ಅಲ್ಲಿ ನಿಲ್ಲಿಸಿ ಪ್ರತಿ ಆಕ್ಸಲ್‌ನ ತೂಕದ ಚೀಟಿ ಪಡೆಯುವುದು ಸಣ್ಣ ಖರ್ಚಿನ ಕೆಲಸ. ಆ ಚೀಟಿ ಕೈಯಲ್ಲಿಲ್ಲದೆ ಟೋ ಬಾರ್ ಕೊಳ್ಳಬಾರದು.

ಆಮೇಲೆ ಕಾರಿನ ಕೈಪಿಡಿ

ಯಾವ ಕಾರನ್ನು ನಾಲ್ಕು ಚಕ್ರಗಳ ಮೇಲೆ ಎಳೆಯಬಹುದು ಎಂಬುದನ್ನು ತೀರ್ಮಾನಿಸುವುದು ಅದರ ಗೇರ್‌ಬಾಕ್ಸ್. ಸಾಮಾನ್ಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನಲ್ಲಿ ಒಳಗಿನ ಭಾಗಗಳಿಗೆ ಎಣ್ಣೆ ಹರಿಸುವ ಪಂಪು ಎಂಜಿನ್ ಓಡಿದಾಗ ಮಾತ್ರ ತಿರುಗುತ್ತದೆ. ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿಟ್ಟು ಎಳೆದರೆ ಚಕ್ರಗಳು ಗೇರ್‌ಬಾಕ್ಸ್‌ನ ಹೊರಶಾಫ್ಟನ್ನು ತಿರುಗಿಸುತ್ತಲೇ ಇರುತ್ತವೆ, ಎಣ್ಣೆ ಮಾತ್ರ ಬರುವುದಿಲ್ಲ. ಬಿಸಿ ಏರಿ ಗೇರ್‌ಬಾಕ್ಸ್ ಹಾಳಾಗಲು ಬಹಳ ದೂರ ಬೇಕಿಲ್ಲ. ಜೀಪ್ ರ‍್ಯಾಂಗ್ಲರ್, ಜೀಪ್ ಗ್ಲಾಡಿಯೇಟರ್‌ನಂಥ ವಾಹನಗಳಲ್ಲಿ ಗೇರ್‌ಬಾಕ್ಸ್‌ಗೂ ಚಕ್ರಗಳಿಗೂ ನಡುವೆ ಚಾಲನೆಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇದ್ದು, ಅದಕ್ಕೆ ತನ್ನದೇ ನ್ಯೂಟ್ರಲ್ ಇರುವುದರಿಂದ ಸಂಪರ್ಕ ಪೂರ್ತಿ ಕಡಿದುಹೋಗುತ್ತದೆ. ಮೋಟರ್‌ಹೋಮ್‌ಗಳ ಹಿಂದೆ ಜೀಪ್‌ಗಳು ಇಷ್ಟೊಂದು ಕಾಣಲು ಕಾರಣ ಇದೇ.

ಹೆಸರನ್ನು ನಂಬಿ ಕೊಳ್ಳುವುದು ಅಪಾಯ. ಗ್ರ್ಯಾಂಡ್ ಚೆರೋಕಿಯಲ್ಲಿ ಎರಡು ವೇಗದ ಟ್ರಾನ್ಸ್‌ಫರ್ ಕೇಸ್ ಇರುವ ಮಾದರಿಯನ್ನು ಎಳೆಯಬಹುದು, ಇಲ್ಲದಿರುವುದನ್ನು ಎಳೆಯಬಾರದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಹೋಂಡಾ ಸಿಆರ್-ವಿ 2014ರ ಮಾದರಿಯವರೆಗೆ ಮೋಟರ್‌ಹೋಮ್ ಮಾಲೀಕರ ಅಚ್ಚುಮೆಚ್ಚಿನ ಕಾರಾಗಿತ್ತು. 2015ರಲ್ಲಿ ಅದಕ್ಕೆ ಸಿವಿಟಿ ಎಂಬ, ಬೆಲ್ಟಿನಿಂದ ನಡೆಯುವ ಬೇರೆ ಬಗೆಯ ಗೇರ್‌ಬಾಕ್ಸ್ ಬಂದ ಮೇಲೆ ಆ ಅನುಕೂಲ ಹೋಯಿತು. ಹಾಗಾಗಿ ಕೈಪಿಡಿಯಲ್ಲಿ ‘ರಿಕ್ರಿಯೇಷನಲ್ ಟೋಯಿಂಗ್’ ಎಂಬ ಭಾಗವನ್ನು ನಿಮ್ಮದೇ ವರ್ಷ, ನಿಮ್ಮದೇ ಎಂಜಿನ್, ನಿಮ್ಮದೇ ಗೇರ್‌ಬಾಕ್ಸ್‌ಗೆ ಅನ್ವಯಿಸಿ ಓದಬೇಕು. ಮಾರುವವನ ಬಾಯಿಮಾತು ಇಲ್ಲಿ ಆಧಾರವಾಗಲಾರದು.

ನಮ್ಮ ಕನ್ನಡದ ಮನೆಗಳ ಮುಂದೆ ಹೆಚ್ಚಾಗಿ ನಿಂತಿರುವ ಕಾರುಗಳ ವಿಷಯದಲ್ಲಿ ಉತ್ತರ ಅಷ್ಟು ಹಿತವಾಗಿಲ್ಲ. ಟೆಸ್ಲಾ ಕಾರುಗಳನ್ನು ಚಕ್ರ ನೆಲಕ್ಕೆ ತಾಗಿದ ಸ್ಥಿತಿಯಲ್ಲಿ ಸಾಗಿಸಲೇಬಾರದೆಂದು ತಯಾರಕರು ಹೇಳುತ್ತಾರೆ. 2025ರ ಮಾದರಿಯವರೆಗಿನ ಟೊಯೊಟಾ ರಾವ್4 ಹೈಬ್ರಿಡ್‌ನಲ್ಲಿ ಹಿಂದಿನ ಚಕ್ರಗಳಿಗೂ ಪ್ರತ್ಯೇಕ ವಿದ್ಯುತ್ ಮೋಟರ್ ಇರುವುದರಿಂದ ಅದನ್ನು ನೆಲದ ಮೇಲೂ ಎಳೆಯುವಂತಿಲ್ಲ, ಡಾಲಿಯ ಮೇಲೂ ಎಳೆಯುವಂತಿಲ್ಲ. ಇವೆರಡಕ್ಕೂ ಟ್ರೇಲರ್ ಒಂದೇ ದಾರಿ. ಮುಂದಿನ ಚಕ್ರಗಳಿಗೆ ಮಾತ್ರ ಚಾಲನೆಯಿರುವ ಸಿವಿಕ್, ಕರೋಲಾದಂಥ ಕಾರುಗಳಿಗೆ ಡಾಲಿ ಒದಗುತ್ತದೆ.

ನಾಲ್ಕೂ ಚಕ್ರ ನೆಲದ ಮೇಲೆ

ಕೈಪಿಡಿ ಒಪ್ಪಿದ ಕಾರು ನಿಮ್ಮಲ್ಲಿದ್ದರೆ, ವರ್ಷದಲ್ಲಿ ಹಲವು ವಾರ ರಸ್ತೆಯಲ್ಲಿರುವವರಿಗೆ ಫ್ಲ್ಯಾಟ್ ಟೋಗೆ ಸಮನಾದದ್ದಿಲ್ಲ. ಎಳೆಯುವ ತೂಕಕ್ಕೆ ಕಾರಿನದ್ದಲ್ಲದೆ ಬೇರೇನೂ ಗಣನೀಯವಾಗಿ ಸೇರುವುದಿಲ್ಲ. ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ಪಿನ್ನುಗಳನ್ನು ಎಳೆದು, ಟೋ ಬಾರನ್ನು ಮಡಚಿ ಮೋಟರ್‌ಹೋಮ್ ಹಿಂಭಾಗಕ್ಕೇ ನಿಲ್ಲಿಸಿದರೆ ಕೆಲಸ ಮುಗಿಯಿತು; ಪಕ್ಕದಲ್ಲಿ ಇನ್ನೊಂದು ಗಾಡಿಗೆ ಜಾಗ ಹುಡುಕುವ ಪ್ರಶ್ನೆಯಿಲ್ಲ. ಕೈ ಪಳಗಿದವರಿಗೆ ಜೋಡಿಸಲು, ಬಿಚ್ಚಲು ಕೆಲವೇ ನಿಮಿಷ ಸಾಕು.

ಇದರ ಭಾರವೆಲ್ಲ ಆರಂಭದ ಖರ್ಚಿನಲ್ಲಿದೆ. ಕಾರಿನ ಮುಂಭಾಗವನ್ನು ಬಿಚ್ಚಿ ಅದೇ ಮಾದರಿಗೆಂದೇ ತಯಾರಾದ, ಟೋ ಬಾರ್ ಸಿಕ್ಕಿಸುವ ಬೇಸ್ ಪ್ಲೇಟನ್ನು ಚೌಕಟ್ಟಿಗೆ ಬೋಲ್ಟ್ ಮಾಡಬೇಕು. ಟೋ ಬಾರ್, ಸುರಕ್ಷತಾ ಕೇಬಲ್ಲುಗಳು, ದೀಪಗಳ ವೈರಿಂಗ್, ಕಾರಿನ ಬ್ಯಾಟರಿ ದಾರಿಯಲ್ಲಿ ಬರಿದಾಗದಂತೆ ಚಾರ್ಜ್ ಮಾಡುವ ತಂತಿ, ಪ್ರತ್ಯೇಕ ಬ್ರೇಕ್ ವ್ಯವಸ್ಥೆ, ಕೂಲಿ ಎಲ್ಲ ಕೂಡಿ ಹಲವು ಸಾವಿರ ಡಾಲರ್ ಆಗುತ್ತದೆ. ರೋಡ್‌ಮಾಸ್ಟರ್, ಬ್ಲೂ ಆಕ್ಸ್, ಡೆಮ್ಕೊ ಈ ಕ್ಷೇತ್ರದ ಪರಿಚಿತ ತಯಾರಕರು. ಕಾರು ಬದಲಿಸಿದರೆ ಟೋ ಬಾರ್ ಉಳಿಯುತ್ತದೆ, ಬೇಸ್ ಪ್ಲೇಟ್ ಮತ್ತು ಅದರ ಕೂಲಿ ಉಳಿಯುವುದಿಲ್ಲ. ಆದ್ದರಿಂದ ಇನ್ನೂ ಬಹಳ ವರ್ಷ ಇಟ್ಟುಕೊಳ್ಳುವ ಕಾರಿಗೆ ಮಾತ್ರ ಈ ಹಣ ಹಾಕುವುದು ವಿವೇಕ.

ಜೋಡಣೆಯಲ್ಲಿ ಎರಡು ಸಂಗತಿಗಳನ್ನು ಸಡಿಲ ಬಿಡಬಾರದು. ಮೊದಲನೆಯದು ಟೋ ಬಾರ್‌ನ ಮಟ್ಟ. ಮೋಟರ್‌ಹೋಮ್‌ನ ಹಿಚ್ ಕಾರಿನ ಬೇಸ್ ಪ್ಲೇಟ್‌ಗಿಂತ ಸುಮಾರು 3 ಇಂಚಿಗಿಂತ ಹೆಚ್ಚು ಎತ್ತರದಲ್ಲಿದ್ದರೆ, ಜೋರಾಗಿ ಬ್ರೇಕ್ ಹಾಕಿದಾಗ ಬಾರ್ ಓರೆಯಾಗಿ ಒತ್ತಡಕ್ಕೆ ಸಿಕ್ಕಿ ಕಾರು ಮುನ್ನುಗ್ಗುತ್ತದೆ. ಎತ್ತರ ತಗ್ಗಿಸುವ ಡ್ರಾಪ್ ರಿಸೀವರ್ ಹಾಕಿ ಇದನ್ನು ಸರಿಪಡಿಸಬೇಕು. ಎರಡನೆಯದು ಹೊರಡುವ ಮುನ್ನದ ಪರೀಕ್ಷೆ. ರ‍್ಯಾಂಗ್ಲರ್‌ನಲ್ಲಿ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಗೇರನ್ನು ಡ್ರೈವ್‌ಗೂ ರಿವರ್ಸ್‌ಗೂ ಹಾಕಿ ನೋಡಬೇಕು. ಕಾರು ಅಲುಗದಿದ್ದರೆ ಮಾತ್ರ ಸಂಪರ್ಕ ನಿಜವಾಗಿ ಕಡಿದಿದೆ ಎಂದರ್ಥ. ಬಳಿಕ ಎಂಜಿನ್ ಆರಿಸಿ, ಕೈಪಿಡಿ ಹೇಳಿದ ಗೇರಿನಲ್ಲಿಟ್ಟು, ಸ್ಟೀರಿಂಗ್ ಲಾಕ್ ಆಗಿಲ್ಲವೆಂದು ಖಚಿತಪಡಿಸಿಕೊಂಡು, ಒಬ್ಬರು ಹೊರಗೆ ನಿಂತು ಮೋಟರ್‌ಹೋಮನ್ನು ನಿಧಾನವಾಗಿ ಸ್ವಲ್ಪ ದೂರ ಮುಂದಕ್ಕೆ ಒಯ್ಯಿಸಬೇಕು. ಟೋ ಬಾರ್‌ನ ಎರಡೂ ತೋಳುಗಳು ಪೂರ್ತಿ ಚಾಚಿ ಲಾಕ್ ಆದದ್ದನ್ನೂ, ಕಾರಿನ ನಾಲ್ಕೂ ಚಕ್ರಗಳು ಸಲೀಸಾಗಿ ಉರುಳುವುದನ್ನೂ ಆ ಹೊರಗಿನವರೇ ಕಣ್ಣಾರೆ ಕಂಡು ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಈ ಕ್ರಮವನ್ನು ಬರೆದಿಟ್ಟುಕೊಂಡು ಪ್ರತಿ ಸಲವೂ ಗಟ್ಟಿಯಾಗಿ ಓದುತ್ತ ಮಾಡುವುದನ್ನು ನಾನು ಬಲವಾಗಿ ಸಮರ್ಥಿಸುತ್ತೇನೆ, ಏಕೆಂದರೆ ಇಲ್ಲಿ ಒಂದು ಹೆಜ್ಜೆ ತಪ್ಪಿದರೂ ಬೆಲೆ ಒಂದು ಹೊಸ ಗೇರ್‌ಬಾಕ್ಸ್.

ಫ್ಲ್ಯಾಟ್ ಟೋದ ದೊಡ್ಡ ಮಿತಿಯೆಂದರೆ ಹಿಂದಕ್ಕೆ ಬರಲಾಗದಿರುವುದು. ರಿವರ್ಸ್ ಹಾಕಿದೊಡನೆ ಕಾರಿನ ಮುಂಚಕ್ರಗಳು ಒಂದು ಬದಿಗೆ ಪೂರ್ತಿ ತಿರುಗಿ, ಕಾರು ಅಡ್ಡಡ್ಡ ಜಾರಿ, ಟೋ ಬಾರ್ ಬಾಗಿಹೋಗಬಹುದು. ಇಕ್ಕಟ್ಟಾದ ಪೆಟ್ರೋಲ್ ಬಂಕಿಗೆ ನುಗ್ಗುವ ಮುನ್ನವೇ ಹೊರಬರುವ ದಾರಿ ನೋಡಿಕೊಳ್ಳಬೇಕು. ಸಿಕ್ಕಿಬಿದ್ದರೆ ಅಲ್ಲೇ ಕಾರನ್ನು ಬಿಚ್ಚಬೇಕಾಗುತ್ತದೆ.

ಡಾಲಿ

ಡಾಲಿಯ ಆಕರ್ಷಣೆ ಸರಳವಾದದ್ದು: ಕಾರಿಗೆ ಏನನ್ನೂ ಅಳವಡಿಸಬೇಕಿಲ್ಲ, ಮುಂಚಕ್ರ ಚಾಲನೆಯ ಕಾರನ್ನು ಬದಲಿಸಿದರೂ ಅದೇ ಡಾಲಿ ನಡೆಯುತ್ತದೆ, ಮತ್ತು ಬ್ರೇಕ್ ಇರುವ ಡಾಲಿಗೆ ಕಾರಿನೊಳಗೆ ಬೇರೆ ಬ್ರೇಕ್ ಸಾಧನ ಬೇಕಾಗುವುದಿಲ್ಲ. ಯು-ಹಾಲ್ ಬಾಡಿಗೆಗೆ ಕೊಡುವ ಡಾಲಿ 750 ಪೌಂಡ್ ತೂಗುತ್ತದೆ. ಅಷ್ಟನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ದಿನಬಳಕೆಯಲ್ಲಿ ಮಾತ್ರ ಇದು ಮೂರರಲ್ಲಿ ಹೆಚ್ಚು ದಣಿಸುವ ವ್ಯವಸ್ಥೆ. ಕಾರನ್ನು ಇಳಿಜಾರು ಹಲಗೆಯ ಮೇಲೆ ನೇರವಾಗಿ ಏರಿಸಬೇಕು, ಮುಂದಿನ ಟೈರುಗಳ ಮೇಲೆ ಪಟ್ಟಿಗಳನ್ನು ಬಿಗಿಯಬೇಕು, ಕೆಲವು ಮೈಲಿ ಹೋದ ಮೇಲೆ ನಿಲ್ಲಿಸಿ ಸಡಿಲಗೊಂಡ ಪಟ್ಟಿಗಳನ್ನು ಮತ್ತೆ ಬಿಗಿಯಬೇಕು. ಮಳೆಯಲ್ಲಿ ಮಂಡಿಯೂರಿ ಈ ಕೆಲಸ ಮಾಡುವುದು ವಯಸ್ಸಾದವರಿಗೆ ಸುಲಭವಲ್ಲ. ಡಾಲಿ ಕಟ್ಟಿದಾಗಲೂ ರಿವರ್ಸ್ ಅಸಾಧ್ಯವೆಂದೇ ತಿಳಿಯಬೇಕು. ಕ್ಯಾಂಪ್‌ಗ್ರೌಂಡ್‌ನಲ್ಲಿ ಖಾಲಿ ಡಾಲಿಯನ್ನು ಎಲ್ಲಿಡುವುದು ಎಂಬ ಸಮಸ್ಯೆ ಬೇರೆ. ವರ್ಷಕ್ಕೊಮ್ಮೆ ಹೊರಡುವವರು ತಮ್ಮಲ್ಲಿರುವ ಸಣ್ಣ ಮುಂಚಕ್ರ ಚಾಲನೆಯ ಕಾರಿಗೆ ಇದನ್ನು ಆರಿಸಿಕೊಳ್ಳಬಹುದು. ವರ್ಷವಿಡೀ ತಿರುಗುವವರಿಗೆ ನಾನು ಇದನ್ನು ಸೂಚಿಸಲಾರೆ.

ಟ್ರೇಲರ್

ಟ್ರೇಲರ್ ಯಾವ ಕಾರನ್ನೂ ಬೇಡವೆನ್ನುವುದಿಲ್ಲ. ಟೆಸ್ಲಾ, ಹೈಬ್ರಿಡ್, ಎಲ್ಲ ಚಕ್ರ ಚಾಲನೆಯ ಕಾರು, ಯಾವುದಾದರೂ ಸರಿ. ಗೇರ್‌ಬಾಕ್ಸ್‌ಗೆ ಅಪಾಯವಿಲ್ಲ, ಟೈರು ಸವೆಯುವುದಿಲ್ಲ, ಮತ್ತು ಮೂರರಲ್ಲಿ ಧೈರ್ಯವಾಗಿ ರಿವರ್ಸ್ ತೆಗೆದುಕೊಳ್ಳಬಹುದಾದದ್ದು ಇದೊಂದೇ. ಅಡ್ಡಬರುವುದು ತೂಕ. ಯು-ಹಾಲ್‌ನ ಆಟೋ ಟ್ರಾನ್ಸ್‌ಪೋರ್ಟ್ ಟ್ರೇಲರ್ ಖಾಲಿಯಿದ್ದಾಗಲೇ 2,210 ಪೌಂಡ್. ಅದರ ಮೇಲೆ ಸುಮಾರು 3,700 ಪೌಂಡಿನ ರಾವ್4 ಹೈಬ್ರಿಡ್ ಏರಿಸಿದರೆ 5,900 ದಾಟಿತು. ಮೇಲೆ ಹೇಳಿದ 5,000 ಪೌಂಡ್ ಹಿಚ್‌ನ ಇ-450 ಇದನ್ನು ಎಳೆಯಬಾರದು. ಸುಮಾರು 4,300 ಪೌಂಡಿನ ನಾಲ್ಕು ಬಾಗಿಲಿನ ರ‍್ಯಾಂಗ್ಲರನ್ನು ಅದೇ ವಾಹನ ನೆಲದ ಮೇಲೆ ನಿಯಮಬದ್ಧವಾಗಿ ಎಳೆದೀತು. ಹಿಚ್ 7,500 ಪೌಂಡಿನದ್ದಾಗಿದ್ದರೆ ಟ್ರೇಲರ್‌ಗೂ ಅವಕಾಶವಿದೆ.

ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಹಿಚ್‌ನ ಮೇಲೆ ಕೂರಬೇಕು. ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಎಡಬಲ ತೂಗಾಡತೊಡಗುತ್ತದೆ. ಆ ಭಾರ ಮೋಟರ್‌ಹೋಮ್‌ನ ಹಿಂದಿನ ಆಕ್ಸಲ್ ಮೇಲೆ ಬೀಳುವುದರಿಂದ, ಹಿಂಭಾಗ ಬಹಳ ಉದ್ದಕ್ಕೆ ಚಾಚಿಕೊಂಡ ವಾಹನಗಳಲ್ಲಿ ಆಕ್ಸಲ್‌ನ ಮಿತಿಯನ್ನೂ ಪರಿಶೀಲಿಸಬೇಕು. ತಂಗಿದಾಣದಲ್ಲಿ ಟ್ರೇಲರ್ ನಿಲ್ಲಿಸಲು ಕೆಲವೊಮ್ಮೆ ಪ್ರತ್ಯೇಕ ಶುಲ್ಕವೂ ಬೀಳುತ್ತದೆ.

ಬ್ರೇಕ್ ವಿಷಯದಲ್ಲಿ ರಾಜಿ ಬೇಡ

“ಇಷ್ಟು ದೊಡ್ಡ ವಾಹನಕ್ಕೆ ಹಿಂದಿನ ಪುಟ್ಟ ಕಾರು ಯಾವ ಲೆಕ್ಕ?” ಎಂದು ಕೇಳುವವರಿದ್ದಾರೆ. 14,200 ಪೌಂಡಿನ ವಾಹನದ ಹಿಂದೆ 4,000 ಪೌಂಡಿನ ಕಾರು ಕಟ್ಟಿದರೆ ನಿಲ್ಲಿಸಬೇಕಾದ ತೂಕ ಶೇ 28ರಷ್ಟು ಹೆಚ್ಚುತ್ತದೆ. ಮೋಟರ್‌ಹೋಮ್‌ನ ಬ್ರೇಕುಗಳನ್ನು ಜಿವಿಡಬ್ಲ್ಯುಆರ್‌ಗೆ ತಕ್ಕಂತೆ ರೂಪಿಸಿದೆಯೇ ಹೊರತು ಜಿಸಿಡಬ್ಲ್ಯುಆರ್‌ಗೆ ಅಲ್ಲ ಎಂದು ಫೋರ್ಡ್ ತನ್ನ ಮಾರ್ಗದರ್ಶಿಯಲ್ಲೇ ಹೇಳುತ್ತದೆ. ಎಂಜಿನ್ ಎಳೆಯಬಲ್ಲ ತೂಕವನ್ನೆಲ್ಲ ಬ್ರೇಕು ಒಂದೇ ನಿಲ್ಲಿಸೀತು ಎಂದು ಭಾವಿಸುವುದು ತಪ್ಪು. ಆರೆಗಾನ್‌ನ ಐ-84 ಹೆದ್ದಾರಿಯಲ್ಲಿ ಕ್ಯಾಬೇಜ್ ಹಿಲ್ ಇಳಿಯುವಾಗ ಶೇ 6ರ ಇಳಿಜಾರು ಮೈಲಿಗಟ್ಟಲೆ ಸಾಗುತ್ತದೆ. ಅಂಥಲ್ಲಿ ಬ್ರೇಕ್ ಕಾದು ಸೋತರೆ ಬೇರೆ ಆಸರೆಯಿಲ್ಲ. ಹಲವು ರಾಜ್ಯಗಳು 3,000 ಪೌಂಡ್ ಮೀರಿದ ಎಳೆತಕ್ಕೆ ಪ್ರತ್ಯೇಕ ಬ್ರೇಕನ್ನು ಕಡ್ಡಾಯ ಮಾಡಿವೆ. ರಾಜ್ಯದಿಂದ ರಾಜ್ಯಕ್ಕೆ ಮಿತಿ ಬದಲಾಗುವುದರಿಂದ, ನೀವು ಹಾದುಹೋಗುವ ಅತ್ಯಂತ ಕಟ್ಟುನಿಟ್ಟಿನ ರಾಜ್ಯದ ನಿಯಮವನ್ನೇ ಪಾಲಿಸುವುದು ಕ್ಷೇಮ.

ಫ್ಲ್ಯಾಟ್ ಟೋದಲ್ಲಿ ಬ್ರೇಕ್ ಸಾಧನಗಳು ಎರಡು ಬಗೆ. ಚಾಲಕನ ಸೀಟಿನ ಮುಂದೆ ಇಟ್ಟು ಪೆಡಲಿಗೆ ಕಚ್ಚಿಸುವ ಪೆಟ್ಟಿಗೆ ಒಂದು; ಅದನ್ನು ಪ್ರತಿ ಸಲ ಇಡಬೇಕು, ತೆಗೆಯಬೇಕು, ಆದರೆ ಬೇರೆ ಕಾರಿಗೂ ಬಳಸಬಹುದು. ಕಾರಿನೊಳಗೆ ಶಾಶ್ವತವಾಗಿ ಅಳವಡಿಸುವುದು ಇನ್ನೊಂದು. ಖರ್ಚು ಹೆಚ್ಚು, ದಿನನಿತ್ಯದ ಕೆಲಸ ಕಡಿಮೆ. ಏರ್ ಬ್ರೇಕ್ ಇರುವ ಡೀಸೆಲ್ ಮೋಟರ್‌ಹೋಮ್‌ಗಳಿಗೆ ಆ ಗಾಳಿಯಿಂದಲೇ ನಡೆಯುವ ವ್ಯವಸ್ಥೆಗಳಿವೆ. ಯಾವುದೇ ಆದರೂ, ಮೋಟರ್‌ಹೋಮ್ ಎಷ್ಟು ಜೋರಾಗಿ ಬ್ರೇಕ್ ಹಾಕಿತೋ ಅದಕ್ಕೆ ಅನುಪಾತದಲ್ಲಿ ಒತ್ತುವ ಸಾಧನವನ್ನೇ ಆರಿಸಬೇಕು. ಮೆಲ್ಲಗೆ ತಟ್ಟಿದಾಗಲೂ ಪೂರ್ತಿ ಒತ್ತುವಂಥದ್ದು ದೀರ್ಘ ಇಳಿಜಾರಿನಲ್ಲಿ ಕಾರಿನ ಬ್ರೇಕನ್ನು ಸುಟ್ಟುಹಾಕುತ್ತದೆ. ಇದರ ಜೊತೆಗೆ, ಕಾರು ಕಳಚಿಕೊಂಡರೆ ತಾನಾಗಿ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ ಇರಲೇಬೇಕು.

ನನ್ನ ಮಟ್ಟಿಗೆ ಇದೇ ಸಾಲಿಗೆ ಸೇರುವ ಇನ್ನೊಂದು ವಸ್ತು ಎಳೆಯಲ್ಪಡುವ ಕಾರಿನ ಟೈರುಗಳಿಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್. ಹಿಂದಿನ ಕಾರಿನ ಟೈರು ಪಂಕ್ಚರ್ ಆದದ್ದು ಮೋಟರ್‌ಹೋಮ್ ಓಡಿಸುವವರಿಗೆ ಅರಿವಿಗೇ ಬಾರದೆ ಮೈಲಿಗಟ್ಟಲೆ ಸಾಗಿ, ರಿಮ್ಮು ಉಜ್ಜಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಹಿಂಬದಿಯ ಕ್ಯಾಮೆರಾ ಚಾಲನೆಯುದ್ದಕ್ಕೂ ಆನ್ ಆಗಿರುವಂತೆ ನೋಡಿಕೊಳ್ಳುವುದೂ ಒಳ್ಳೆಯದು.

ಉದ್ದ, ವೇಗ, ಪರವಾನಗಿ

ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದರೂ ಎಳೆಯುತ್ತಿರುವ ವಾಹನದ ಗರಿಷ್ಠ ವೇಗ ಗಂಟೆಗೆ 55 ಮೈಲಿ, ಜೋಡಿಯ ಒಟ್ಟು ಉದ್ದ ಸಾಮಾನ್ಯವಾಗಿ 65 ಅಡಿ ಮೀರಬಾರದು. 40 ಅಡಿಯ ಮೋಟರ್‌ಹೋಮ್ ಹಿಂದೆ ಟ್ರೇಲರ್ ಕಟ್ಟಿದರೆ ಈ ಮಿತಿಗೆ ಬಹಳ ಹತ್ತಿರ ಬಂದಂತೆ. ಟೋ ಬಾರ್ ಮತ್ತು ಸಣ್ಣ ಕಾರಾದರೆ ಸ್ವಲ್ಪ ಉಸಿರಾಡಬಹುದು. ಟೆಕ್ಸಸ್‌ನಲ್ಲಿ 26,000 ಪೌಂಡ್ ಮೀರಿದ ಮೋಟರ್‌ಹೋಮ್ ಓಡಿಸಲು ವಾಣಿಜ್ಯೇತರ ಬಿ ವರ್ಗದ ಪರವಾನಗಿ ಬೇಕು. ವಿಮಾ ಕಂಪನಿಗೆ ಕಾರು ಎಳೆಯುವ ವಿಷಯವನ್ನು ಮೊದಲೇ ತಿಳಿಸಿ, ಎಳೆಯುವಾಗ ಆದ ಹಾನಿ ಯಾರ ಪಾಲಿಸಿಗೆ ಸೇರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಬೇಕು.

ಎಳೆಯದಿರುವ ಆಯ್ಕೆ

ಮೋಟರ್‌ಹೋಮ್ ಬಾಡಿಗೆಗೆ ತೆಗೆದುಕೊಂಡವರಿಗೆ ಮೇಲಿನದೆಲ್ಲ ಬಹುತೇಕ ಅನ್ವಯಿಸುವುದಿಲ್ಲ, ಏಕೆಂದರೆ ಹಲವು ಬಾಡಿಗೆ ಕರಾರುಗಳು ಹಿಂದೆ ಏನನ್ನೂ ಕಟ್ಟಲು ಬಿಡುವುದಿಲ್ಲ. ಸ್ವಂತ ವಾಹನವಿದ್ದೂ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಹೊರಡುವವರು ಸಾವಿರಾರು ಡಾಲರ್ ಉಪಕರಣಕ್ಕೆ ಹಾಕುವ ಬದಲು, ತಂಗುವ ಊರಿನಲ್ಲಿ ಎರಡು ಮೂರು ದಿನಕ್ಕೆ ಕಾರು ಬಾಡಿಗೆ ಪಡೆದರೆ ಹಲವು ವರ್ಷಗಳ ಮಟ್ಟಿಗೆ ಅದೇ ಅಗ್ಗ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು ಮತ್ತು ಝಯಾನ್ ಉದ್ಯಾನಗಳಲ್ಲಿ ಉಚಿತ ಬಸ್ಸುಗಳೇ ಮುಖ್ಯ ತಾಣಗಳಿಗೆ ಕರೆದೊಯ್ಯುತ್ತವೆ. ಉಚಿತ ಬಸ್ಸು ನಿಲ್ಲುವ ಜಾಗದ ಹತ್ತಿರವೇ ತಂಗಿದಾಣ ಕಾಯ್ದಿರಿಸಿದರೆ ಅಲ್ಲಿ ಕಾರಿನ ಅಗತ್ಯವೇ ಬೀಳದು.

ಇನ್ನೊಬ್ಬರು ಕಾರನ್ನು ಹಿಂದೆಯೇ ಓಡಿಸಿಕೊಂಡು ಬರುವ ಕ್ರಮವೂ ನಮ್ಮ ದೊಡ್ಡ ಕುಟುಂಬಗಳಲ್ಲಿ ರೂಢಿಯಲ್ಲಿದೆ. 200 ಮೈಲಿಯೊಳಗಿನ ಪ್ರವಾಸಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ, ಮಕ್ಕಳಿಗೂ ಹಿರಿಯರಿಗೂ ಎರಡು ವಾಹನಗಳಲ್ಲಿ ಹಂಚಿ ಕೂರುವ ಅನುಕೂಲವಿದೆ, ಮತ್ತು ಯಾವ ಉಪಕರಣವೂ ಬೇಕಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ಯೆಲ್ಲೋಸ್ಟೋನ್‌ವರೆಗಿನ ದೂರಕ್ಕೆ ಹೋಗುವುದಾದರೆ ಇಬ್ಬರು ಚಾಲಕರ ದಣಿವು, ಎರಡು ವಾಹನಗಳ ಇಂಧನ ಎರಡನ್ನೂ ಬರೆದುಕೊಂಡು ಟೋ ಬಾರ್‌ನ ವೆಚ್ಚದ ಪಕ್ಕದಲ್ಲಿಟ್ಟು ನೋಡಬೇಕು. ಆ ದೂರವನ್ನು ವರ್ಷ ವರ್ಷವೂ ಕ್ರಮಿಸುವ ಇರಾದೆ ಇರುವವರು ಮಾತ್ರ ಮುಂದಿನ ಕಾರು ಕೊಳ್ಳುವಾಗ ಕೈಪಿಡಿಯ ಆ ಒಂದು ಪುಟವನ್ನು ಷೋರೂಮಿನಲ್ಲೇ ಓದಿ, ನೆಲದ ಮೇಲೆ ಎಳೆಯಬಹುದಾದ ಮಾದರಿಯನ್ನೇ ಆರಿಸಲಿ.